ನಾನು ಕಿತ್ತ ಒಂದು ಒಳ್ಳೆಯ ಹಲ್ಲು

ಹಲ್ಲಿನ ವೈದ್ಯ ವೃತ್ತಿಗೆ ಹೊಸದಾಗಿ ಬರುತ್ತಿರುವ ತರುಣರು ನನ್ನನ್ನು ಕಂಡಾಗ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ವಿದ್ಯುತ್ ಇಲ್ಲದ ಊರುಗಳಲ್ಲಿ ನೀವು ಹಲ್ಲು ಕೊರೆಯುತ್ತಿದ್ದುದು ಹೇಗೆ? ಕಾಲಿನಿಂದ ಎಂದು ಉತ್ತರಿಸುತ್ತೇನೆ. ಅವರು ನಗುತ್ತಾರೆ. ನಾನು ಹೇಳಿದ್ದು ವಿನೋದವಲ್ಲ, ವಿವರಣೆ. ಹೊಲಿಗೆ ಯಂತ್ರಕ್ಕಿರುವಂಥ ತುಳಿಯುವ ಹಲಗೆ, ಅದಕ್ಕೊಂದು ಗಾಲಿ, ಗಾಲಿಗೊಂದು ಹುರಿ, ಹುರಿಯ ತುದಿಯಲ್ಲಿ ತಿರುಗುವ ಮೊನೆ. ಬಲಗಾಲು ತುಳಿಯುತ್ತಿರುವಾಗ ಬಲಗೈ ಅಲುಗಬಾರದು. ಇಷ್ಟನ್ನು ಆರು ತಿಂಗಳಲ್ಲಿ ಯಾರು ಬೇಕಾದರೂ ಕಲಿಯಬಹುದು. ನನಗೆ ಹೆಚ್ಚು ಕಾಲ ಹಿಡಿದದ್ದು ಬೇರೊಂದು ಪಾಠ. ಅದರ ವೆಚ್ಚವನ್ನು ಜಕ್ಕಲಿಯ ನೀಲವ್ವ ಎಂಬ ಹೆಣ್ಣುಮಗಳು ಭರಿಸಿದಳು: ಅವಳು ತನ್ನ ಒಂದು ಆರೋಗ್ಯವಂತ ಹಲ್ಲನ್ನು ಕಳೆದುಕೊಂಡಳು, ಸುಳ್ಳುಗಾತಿ ಎಂಬ ಹೆಸರು ಹೊತ್ತು ಗಂಡನ ಮನೆಯನ್ನೂ ಕಳೆದುಕೊಳ್ಳುವ ಸ್ಥಿತಿಗೆ ಬಂದಳು. ಎರಡಕ್ಕೂ ಕಾರಣ ನಾನು. ಸನ್ಮಾನ, ಶಾಲು, ಹಾರಗಳ ಸಂಗತಿಯನ್ನು ಬಿಟ್ಟು ಇದನ್ನು ಬರೆಯುತ್ತಿದ್ದೇನೆ.

ಐವತ್ತರ ದಶಕದಲ್ಲಿ ಮುಂಬಯಿಯಿಂದ ಪದವಿ ಪಡೆದು ಬಂದ ಮೇಲೆ ರೋಣ, ನರಗುಂದ, ಗಜೇಂದ್ರಗಡ ಈ ಮೂರು ಊರುಗಳಲ್ಲಿ ಸಂತೆಯ ದಿನಗಳಂದು ಹೋಗಿ ಕೂರುವ ಏರ್ಪಾಟು ಮಾಡಿಕೊಂಡೆ. ಸಂತೆಗೆ ಜನ ಬರುತ್ತಾರೆ, ಜನರೊಂದಿಗೆ ಅವರ ಹಲ್ಲುಗಳೂ ಬರುತ್ತವೆ ಎಂಬುದು ನನ್ನ ತರ್ಕ. ಯಂತ್ರವನ್ನು ಬಿಚ್ಚಿ, ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನ ಮೇಲೆ ಕಟ್ಟಿಸುತ್ತಿದ್ದೆ. ಮೊದಲ ವಾರ ಗಜೇಂದ್ರಗಡದ ದಾರಿಯಲ್ಲಿ ಪಕ್ಕದಲ್ಲಿ ಕುಳಿತ ನೇಕಾರರೊಬ್ಬರು ವಿಚಾರಿಸಿದರು.

“ಮ್ಯಾಲ ಕಟ್ಟಿಸಿದ್ದು ಹೊಲಿಗಿ ಮಿಶನ್ ಏನ್ರಿ?”

“ಅಲ್ರಿ. ಹಲ್ಲ ಕೊರಿಯೂದು.”

“ಕೊರದು?”

“ತುಂಬೂದು.”

ಬಸ್ಸು ಒಂದು ಹಳ್ಳವನ್ನು ದಾಟಿತು. “ತುಂಬೂದ ಇದ್ರ ಕೊರಿಯೂದ್ಯಾಕ್ರಿ?”

ಕೆಟ್ಟ ಭಾಗವನ್ನು ತೆಗೆಯದೆ ಮುಚ್ಚಿದರೆ ಹಲ್ಲು ಹೊರಗೆ ಚೆನ್ನಾಗಿ ಕಂಡರೂ ಒಳಗೊಳಗೇ ಕೊಳೆಯುತ್ತದೆ ಎಂದು ಊರು ಬರುವವರೆಗೂ ವಿವರಿಸಿದೆ. ಇಳಿಯುವಾಗ ಅವರು, “ಅಂಥಾ ಮಂದಿ ನಮ್ಮ ಓಣ್ಯಾಗ ಭಾಳ ಅದಾರ್ರಿ” ಎಂದು ಹೇಳಿ ಹೋದರು. ಹಲ್ಲು ತೋರಿಸಲು ಬರಲಿಲ್ಲ.

ನನ್ನ ತಂದೆ ಶಿಕ್ಷಕರು. ನಾನು ಕಲಿತ ಶಾಲೆಯಲ್ಲಿ ಪ್ರತಿದಿನ ಪ್ರಾರ್ಥನೆ ಮುಗಿದ ಮೇಲೆ, ಕಂಡ ತಪ್ಪನ್ನು ಕಂಡಲ್ಲಿಯೇ ಹೆಸರಿಟ್ಟು ಹೇಳುತ್ತೇವೆ ಎಂದು ಎಲ್ಲರೂ ಒಟ್ಟಾಗಿ ಪ್ರತಿಜ್ಞೆ ಮಾಡಬೇಕಿತ್ತು. ಉಳಿದ ಹುಡುಗರು ಅದನ್ನು ಪ್ರಾರ್ಥನೆಯ ಕೊನೆಯ ಸಾಲೆಂದು ತಿಳಿದಿದ್ದರು. ನಾನು ಪ್ರತಿಜ್ಞೆಯೆಂದೇ ತಿಳಿದೆ. ಆದ್ದರಿಂದ ಈ ಮೂರು ಊರುಗಳಲ್ಲಿ ಬಾಯಿಯ ವಿಷಯದಲ್ಲಿ ನಡೆಯುತ್ತಿದ್ದ ತಪ್ಪುಗಳನ್ನು ಒಂದೊಂದಾಗಿ ಹೇಳುತ್ತ ಹೋದೆ. ಇದ್ದಿಲು ಮತ್ತು ಇಟ್ಟಿಗೆ ಪುಡಿಯಿಂದ ಹಲ್ಲು ತಿಕ್ಕುವುದು ತಪ್ಪು. ಹೆಣ್ಣುಮಕ್ಕಳು ತಂಬಾಕನ್ನು ಸುಟ್ಟು ಪುಡಿ ಮಾಡಿ ದಿನಕ್ಕೆ ನಾಲ್ಕು ಸಲ ವಸಡಿಗೆ ಉಜ್ಜಿಕೊಳ್ಳುವುದು ತಪ್ಪು. ಅದರಿಂದ ಇಡೀ ಬಾಯಿ ಕಪ್ಪಾಗಿ ಕೆಟ್ಟ ಹಲ್ಲು ಯಾವುದು, ಒಳ್ಳೆಯದು ಯಾವುದು ತಿಳಿಯುವುದಿಲ್ಲ. ಮೇಲ್ದವಡೆಯ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ ಎಂಬ ನಂಬಿಕೆ ತಪ್ಪು. ಹಾಗಾದರೆ ಕೆಳದವಡೆಯದನ್ನು ಕಿತ್ತರೆ ಏನು ಹೋಗುತ್ತದೆ ಎಂದು ನಾನು ಒಬ್ಬ ಮುದುಕರನ್ನು ಕೇಳಿದಾಗ ಅವರು, “ಹಲ್ಲ ಹೊಕ್ಕೈತ್ರಿ” ಎಂದರು.

ಗಜೇಂದ್ರಗಡದ ಸಂತೆಯಲ್ಲಿ ಹಲ್ಲಿನ ಹುಳ ತೆಗೆಯುವವನೊಬ್ಬ ಕೂರುತ್ತಿದ್ದ. ಯಾವುದೋ ಬೀಜದ ಹೊಗೆಯನ್ನು ಕೊಳವೆಯಿಂದ ಬಾಯಿಗೆ ಹಿಡಿದು, ಸ್ವಲ್ಪ ಹೊತ್ತಿನ ಮೇಲೆ ಕೊಳವೆಯನ್ನು ನೀರಿನ ಬಟ್ಟಲಲ್ಲಿ ಕೊಡವಿ, ತೇಲುವ ಬಿಳಿಯ ಹುಳವನ್ನು ಎಲ್ಲರಿಗೂ ತೋರಿಸುತ್ತಿದ್ದ. ಹುಳ ಮೊದಲೇ ಕೊಳವೆಯಲ್ಲಿತ್ತು. ನಾನು ಜನರ ನಡುವೆ ನಿಂತು, ಹಲ್ಲಿನಲ್ಲಿ ಹುಳವೆಂಬುದೇ ಇಲ್ಲ, ಇದು ವಂಚನೆ ಎಂದು ಘಂಟಾಘೋಷವಾಗಿ ಹೇಳಿದೆ. ಬಾಯಿಗೆ ಹೊಗೆ ಹಾಕಿಸಿಕೊಳ್ಳುತ್ತಿದ್ದ ಗೃಹಸ್ಥ ತಿರುಗಿ ನೋಡಿದ. “ನೀವು ಇಷ್ಟ ದಿನದಾಗ ಎಷ್ಟ ಹುಳ ತಗದೀರಿ?” ಒಂದೂ ಇಲ್ಲವೆಂದೆ. “ಇಂವ ಮುಂಜಾನಿಂದ ಹದಿನಾಕ ತಗದಾನ. ಕೆಲಸಾ ಬರದವ್ರು ಬರೂವ್ರಿಗೆ ಬುದ್ಧಿ ಹೇಳಬಾರ್ದ್ರಿ.” ಸುತ್ತಲಿದ್ದವರು ಇದು ಸರಿಯೆಂದು ತಲೆಯಾಡಿಸಿದರು.

ನರಗುಂದದಲ್ಲಿ ಒಬ್ಬ ಹಿರಿಯ ಡಾಕ್ಟರರು ತಮ್ಮ ದವಾಖಾನೆಯ ಪಡಸಾಲೆಯಲ್ಲಿ ನನಗೆ ಜಾಗ ಕೊಟ್ಟಿದ್ದರು. ಅವರ ಹೆಸರನ್ನು ಬರೆಯುವುದಿಲ್ಲ. ತೀರಿಕೊಂಡವರು ಉತ್ತರ ಕೊಡಲಾರರು. ಎಲ್ಲ ರೋಗಕ್ಕೂ ಔಷಧ ಕೊಡುತ್ತಿದ್ದ ಅವರು ಹಲ್ಲನ್ನೂ ಕೀಳುತ್ತಿದ್ದರು. ಅವರಲ್ಲಿದ್ದದ್ದು ಒಂದೇ ಇಕ್ಕಳ. ಒಬ್ಬರ ಬಾಯಿಂದ ತೆಗೆದದ್ದನ್ನು ಕೆಂಪು ಔಷಧದ ನೀರಿನ ಲೋಟದಲ್ಲಿ ಒಮ್ಮೆ ಅದ್ದಿ ಮತ್ತೊಬ್ಬರ ಬಾಯಿಗೆ ಹಾಕುತ್ತಿದ್ದರು. ಇದು ತಪ್ಪೆಂದು ಮೊದಲ ದಿನವೇ ಹೇಳಿದೆ. ನಾನು ಪ್ರತಿಯೊಂದು ಸಲಕರಣೆಯನ್ನು ಸ್ಟೋವಿನ ಮೇಲೆ ಇಪ್ಪತ್ತು ನಿಮಿಷ ಕುದಿಸುತ್ತಿದ್ದೆ. ಅವರು ಹೊರಬಂದು, ಸಾಲಾಗಿ ಕುಳಿತಿದ್ದವರನ್ನೂ ಕುದಿಯುತ್ತಿದ್ದ ಪಾತ್ರೆಯನ್ನೂ ನೋಡಿ ಕೇಳುತ್ತಿದ್ದರು: “ಇವ್ರೆಲ್ಲಾ ಹಲ್ಲ ಕೀಳಿಸಾಕ ಬಂದಾರೋ, ಚಹಾ ಕುಡಿಯಾಕ ಬಂದಾರೋ?”

ಇಷ್ಟೆಲ್ಲ ತಪ್ಪುಗಳನ್ನು ಹೆಸರಿಟ್ಟು ಕರೆದ ನಾನು ಒಂದನ್ನು ತಪ್ಪೆಂದು ಗುರುತಿಸಲೇ ಇಲ್ಲ. ಅದು ದಿನವೂ ನನ್ನ ಕುರ್ಚಿಯ ಪಕ್ಕದಲ್ಲಿಯೇ ನಿಂತಿರುತ್ತಿತ್ತು. ಆ ಭಾಗದಲ್ಲಿ ರೋಗಿ ಮಾತಾಡುತ್ತಿರಲಿಲ್ಲ. ರೋಗಿಯೊಂದಿಗೆ ಬಂದವರು ಮಾತಾಡುತ್ತಿದ್ದರು. ಮಗನ ನೋವನ್ನು ತಂದೆ, ಮುದುಕಿಯ ನೋವನ್ನು ಮಗ, ಸೊಸೆಯ ನೋವನ್ನು ಅತ್ತೆ ಹೇಳುವುದು ಪದ್ಧತಿ. ಎಷ್ಟು ದಿನದಿಂದ ನೋವು, ಬಿಸಿಗೆ ನೋಯುತ್ತದೆಯೋ ತಣ್ಣನೆಯದಕ್ಕೋ, ಎಲ್ಲವನ್ನೂ ಅವರೇ ಹೇಳುವರು. ಹಲ್ಲಿನ ಯಜಮಾನರು ಬಾಯಿ ತೆರೆದು ಕುಳಿತಿರುವರು. ತೆರೆದ ಬಾಯಿಂದ ಮಾತು ಹೊರಡುವುದು ಕಷ್ಟವಾದ್ದರಿಂದ ಈ ಏರ್ಪಾಟು ನನಗೂ ಅನುಕೂಲವಾಗಿಯೇ ಕಂಡಿತ್ತು.

ಒಂದು ಬೇಸಿಗೆಯ ಸಂತೆಯ ದಿನ ಜಕ್ಕಲಿಯ ಈರನಗೌಡರು ಹೆಂಡತಿ ಗಿರಿಜವ್ವ ಮತ್ತು ಸೊಸೆ ನೀಲವ್ವನನ್ನು ಗಾಡಿಯಲ್ಲಿ ರೋಣಕ್ಕೆ ಕರೆತಂದರು. ಗೌಡರು ಬಾಗಿಲ ಹೊರಗಿನ ಕಟ್ಟೆಯ ಮೇಲೆ ಕುಳಿತರು. ನೀಲವ್ವನಿಗೆ ಇಪ್ಪತ್ತು ವರ್ಷವಿರಬಹುದು. ತಲೆಯ ಮೇಲಿನ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಕುರ್ಚಿಯಲ್ಲಿ ಕುಳಿತಳು. ಗಿರಿಜವ್ವ ಅವಳ ಎದುರಿಗೆ, ನನ್ನ ಪಕ್ಕದಲ್ಲಿ ನಿಂತರು.

“ನಾಕ ದಿನಾತ್ರಿ ಯಪ್ಪಾ, ಕೂಳ ತಿಂದಿಲ್ಲ, ನಿದ್ದಿ ಮಾಡಿಲ್ಲ. ಇಟಗಿ ಭೀಮವ್ವಗ ಹರಕಿ ಹೊತ್ತೀನಿ.”

“ಯಾವ ಕಡೀ ಹಲ್ಲವ್ವಾ?” ಎಂದು ಕೇಳಿದೆ. ಕೇಳಿದ್ದು ಗಿರಿಜವ್ವನನ್ನು.

“ಇದ ಕಡೀದು” ಎಂದು ಅವರು ತಮ್ಮ ಬಲಗೆನ್ನೆಯ ಮೇಲೆ ಬೆರಳಿಟ್ಟರು.

ನೀಲವ್ವನ ಬಾಯಿ ನಾನು ಮೇಲೆ ಹೇಳಿದ ತಂಬಾಕಿನ ಪುಡಿಯಿಂದ ಎರಡೂ ಬದಿ ಒಂದೇ ಸಮನೆ ಕಪ್ಪಾಗಿತ್ತು. ಕೆಳದವಡೆಯ ಹಲ್ಲುಗಳನ್ನು ಸಲಕರಣೆಯ ಹಿಡಿಕೆಯಿಂದ ಒಂದೊಂದಾಗಿ ತಟ್ಟಿದೆ. ಕೆಟ್ಟ ಹಲ್ಲನ್ನು ತಟ್ಟಿದರೆ ಎಂಥವರೂ ಹಾರಿಬೀಳುತ್ತಾರೆ. ಇದು ನಮ್ಮ ಶಾಸ್ತ್ರದಲ್ಲಿ ಬಹಳ ನಂಬಿಕೆಯ ಪರೀಕ್ಷೆ. ನೀಲವ್ವ ಯಾವುದಕ್ಕೂ ಮಿಸುಕಲಿಲ್ಲ. “ಮಾವಾರು ಹೊರಗ ಅದಾರ, ನರಳಬ್ಯಾಡ” ಎಂದು ಗಿರಿಜವ್ವ ಅವಳಿಗೆ ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತ್ತು. ಹಿರಿಯರ ಎದುರು ದನಿಯೆತ್ತದಿರುವುದು ಒಳ್ಳೆಯ ನಡತೆ ಎಂದುಕೊಂಡೆನೇ ಹೊರತು, ಆ ಒಳ್ಳೆಯ ನಡತೆ ನನ್ನ ಪರೀಕ್ಷೆಯನ್ನು ನಿರರ್ಥಕ ಮಾಡಿತು ಎಂದು ತಿಳಿಯಲಿಲ್ಲ. ಬಲಗಡೆಯ ಒಂದು ದವಡೆಹಲ್ಲಿನಲ್ಲಿ ಕಪ್ಪು ಗುಳಿಯಂಥದು ಕಂಡಿತು. ಮರಗಟ್ಟಿಸುವ ಸೂಜಿ ಹಾಕಿ ಅದನ್ನು ಕಿತ್ತೆ.

ಹಲ್ಲು ಬೆಳಕಿಗೆ ಬಂತು. ಬೇರುಗಳು ಬೆಳ್ಳಗೆ, ಗಟ್ಟಿಯಾಗಿ, ಎಲ್ಲಿಯೂ ಕೀವಿನ ಸುಳಿವಿಲ್ಲದೆ ಇದ್ದವು. ಗುಳಿಯೆಂದು ಕಂಡದ್ದು ಪುಡಿಯ ಕರೆ. ಅಷ್ಟು ಆರೋಗ್ಯವಂತ ಹಲ್ಲನ್ನು ಆ ತಾಲ್ಲೂಕಿನಲ್ಲಿ ನಾನು ಮೊದಲ ಬಾರಿಗೆ ನೋಡಿದ್ದು ನನ್ನ ಇಕ್ಕಳದಲ್ಲಿ.

ತಪ್ಪು ನಡೆದದ್ದು ಹೀಗೆ. ನೀಲವ್ವನ ನೋವು ಎಡಗಡೆ. ಎದುರಿಗೆ ನಿಂತವರ ಕಣ್ಣಿಗೆ ಅದು ಬಲಗಡೆ. ಗಿರಿಜವ್ವ ತಾವು ಕಂಡ ಬದಿಯನ್ನೇ ತಮ್ಮ ಮುಖದ ಮೇಲೆ ತೋರಿಸಿದರು. ಇದು ನನಗೆ ಆ ಕ್ಷಣದಲ್ಲಿಯೇ ಹೊಳೆಯಿತು. ಅಷ್ಟರಲ್ಲಿ ಗೌಡರು ಒಳಬಂದು, ಹಲ್ಲನ್ನು ನೋಡಿ, “ಭಾಳ ಚಲೋ ಕಿತ್ರಿ ಸಾಹೇಬ್ರ, ಒಂದ ಕೂಗಿಲ್ಲ ಒಂದ ಕಿರಚಿಲ್ಲ” ಎಂದು ಕೈಮುಗಿದರು. ನಾನು ಬಾಯಿ ತೆರೆಯಲಿಲ್ಲ. ಶಾಲೆಯ ಪ್ರತಿಜ್ಞೆಯನ್ನು ನಾನು ಮೊದಲ ಸಲ ಮುರಿದದ್ದು ರೋಣದಲ್ಲಿ, ಹಗಲು ಹನ್ನೊಂದು ಗಂಟೆಗೆ.

ಮರುದಿನ ನರಗುಂದದ ಹಿರಿಯ ಡಾಕ್ಟರರಿಗೆ ಎಲ್ಲವನ್ನೂ ಹೇಳಿದೆ. ಅವರು ಸಮಾಧಾನದಿಂದ ಕೇಳಿದರು. “ಬಾಯಾಗ ಮೂವತ್ತೆರಡ ಅದಾವ. ಒಂದ ಹೋತು. ಆ ಕಡೀದು ನೋಯಾಕತ್ತಿದ್ರ ಅವ್ರ ಮತ್ತ ಬರ್ತಾರ. ಎರಡೂ ಕೆಟ್ಟಿದ್ವು, ಒಂದೊಂದ ಸಲಕ್ಕ ಒಂದ ತಗೀಬೇಕಾಗತೈತಿ ಅಂತ ಹೇಳು.”

“ಅದು ಸುಳ್ಳಲ್ರಿ ಸರ್?”

“ಸುಳ್ಳಲ್ಲಪಾ, ವೈದ್ಯಕಿ. ಡಾಕ್ಟರ ತಪ್ಪ ಮಾಡ್ಯಾನಂತ ಒಮ್ಮಿ ಗೊತ್ತಾತಂದ್ರ ನಾಳಿಂದ ಮಂದಿ ಹುಳಾ ತಗಿಯೂವನ ಕಡೇನ ಹೊಕ್ಕಾರ. ಅದಕ್ಕಿಂತ ನಿನ್ನ ಸುಳ್ಳ ಚಲೋ ಅಲ್ಲೇನು?”

ಈ ವಾದವನ್ನು ನಾನು ಒಪ್ಪಲಿಲ್ಲ. ಆದರೆ ಅದರ ಪ್ರಕಾರವೇ ನಡೆದೆ. ಒಂದು ವಾರ ಕಾದೆ. ಈ ವಾರವನ್ನು ಪ್ರತ್ಯೇಕ ತಪ್ಪೆಂದು ಎಣಿಸಬೇಕು. ಹಲ್ಲು ಕಿತ್ತದ್ದು ಅಜ್ಞಾನದಿಂದ. ಕಾದದ್ದು ಎಲ್ಲವೂ ತಿಳಿದ ಮೇಲೆ.

ಮುಂದಿನ ಸಂತೆಗೆ ಗೌಡರು ಒಬ್ಬರೇ ಬಂದರು. ಕಟ್ಟೆಯ ಮೇಲೆ ಕೂರದೆ ನೇರವಾಗಿ ಒಳಗೆ ಬಂದು ನಿಂತರು.

“ಸಾಹೇಬ್ರ, ಒಂದ ಮಾತ ಕೇಳಾಕ ಬಂದೀನ್ರಿ. ಹಲ್ಲ ಕಿತ್ತ ಮ್ಯಾಲೂ ನೋವು ಇರತೈತೇನ್ರಿ?”

“ಯಾಕ್ರಿ ಗೌಡ್ರ?”

“ನಮ್ಮ ಸೊಸಿ ಇನ್ನೂ ನೋವಂತಾಳ. ಹಲ್ಲ ಇಲ್ಲ, ನೋವೆಲ್ಲಿಂದ ಬರಬೇಕ್ರಿ? ಮನಿ ಕೆಲಸಾ-ಬದುಕ ಮಾಡಾಕ ಬ್ಯಾಸರಾಗಿ ನೆವಾ ತಗದಾಳಂತ ನಮ್ಮ ಮನ್ಯಾಕಿ ಹೇಳಾಕತ್ತಾಳ. ಸುಳ್ಳ ಹೇಳೂ ಸೊಸಿ ನಮ್ಮ ಮನಿಗೆ ಆಗಿಬರೂದಿಲ್ರಿ. ಆಕಿ ತವರೂರು ಯಾವಗಲ್ಲಿಗೆ ಅವ್ರಣ್ಣಗ ಹೇಳಿ ಕಳಿಸೀವಿ, ಇವತ್ತ ಕರಕೊಂಡ ಹೋಗಾಕ ಗಾಡಿ ತರ್ತಾನ. ಒಮ್ಮಿ ನಿಮ್ಮ ಬಾಯಿಂದ ಖರೇನೋ ಸುಳ್ಳೋ ಕೇಳ್ಕೊಂಡ ಹೋಗೂಣಂತ ಬಂದ್ನಿ.”

ಸಾಲಿನಲ್ಲಿ ಕಾಯುತ್ತಿದ್ದ ಐದಾರು ಮಂದಿಗೆ ಮುಂದಿನ ಸಂತೆಗೆ ಬರಲು ಹೇಳಿ, ಕುದಿಸಿದ ಸಲಕರಣೆ ಮತ್ತು ಪೆನ್ಸಿಲಿನ್ ತೆಗೆದುಕೊಂಡು ಗೌಡರ ಜೊತೆಯಲ್ಲಿಯೇ ಜಕ್ಕಲಿಗೆ ಹೊರಟೆ. ದಾರಿಯಲ್ಲಿ ಹೇಳಿಬಿಡಬೇಕೆಂದಿದ್ದೆ. ಗೌಡರು ದಾರಿಯುದ್ದಕ್ಕೂ ಸಿಕ್ಕವರಿಗೆಲ್ಲ ನನ್ನ ಕೈಗುಣವನ್ನು ವರ್ಣಿಸುತ್ತ ಬಂದರು.

ಮನೆಯ ಮುಂದೆ ಯಾವಗಲ್ಲಿನ ಗಾಡಿ ನಿಂತಿತ್ತು. ನೀಲವ್ವನ ಅಣ್ಣ ಎತ್ತುಗಳ ಕೊರಳನ್ನು ನೊಗದಿಂದ ಬಿಚ್ಚದೆ, ತಲೆ ತಗ್ಗಿಸಿ ಗಾಲಿಗೆ ಒರಗಿದ್ದ. ತಂಗಿಯ ಬಟ್ಟೆಯ ಗಂಟು ಆಗಲೇ ಗಾಡಿಯೊಳಗಿತ್ತು. ಗಂಡ ಹೊಲಕ್ಕೆ ಹೋಗಿದ್ದ. ಈ ವಿಷಯದಲ್ಲಿ ಅವನನ್ನೂ ಯಾರೂ ಕೇಳಿರಲಿಲ್ಲ. ಪಡಸಾಲೆಯ ಕಂಬದ ಹತ್ತಿರ ನೀಲವ್ವ ಕುಳಿತಿದ್ದಳು. ಎಡಗೆನ್ನೆ ಕಣ್ಣಿನ ಕೆಳಗಿನವರೆಗೆ ಬಾತು, ಎಕ್ಕದೆಲೆಯ ಶಾಖ ಕೊಟ್ಟು ಕೊಟ್ಟು ಕೆಂಪಾಗಿತ್ತು. ನೆವ ಎಂದು ಹೇಳುತ್ತಲೇ ಅವರು ಶಾಖವನ್ನೂ ಕೊಡುತ್ತಿದ್ದರು. ಎರಡೂ ಒಂದೇ ಮನೆಯಲ್ಲಿ ಸಾಧ್ಯ ಎಂಬುದನ್ನು ತರುಣರು ತಿಳಿದಿರಬೇಕು.

ನಾನು ಅಂಗಳದಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದೆ. “ಗೌಡ್ರ, ನಿಮ್ಮ ಸೊಸಿ ಹೇಳೂದು ಖರೇ ಐತಿ. ನಾ ತಪ್ಪ ಹಲ್ಲ ಕಿತ್ತೀನಿ. ಕೆಟ್ಟ ಹಲ್ಲು ಬಾಯಾಗ ಹಂಗ ಐತಿ.”

ಗೌಡರು ನನ್ನನ್ನು ಬಹಳ ಗೌರವದಿಂದ ನೋಡಿದರು. “ದೊಡ್ಡ ಮನಸ್ರಿ ನಿಮ್ಮದು. ಒಂದ ಹೆಣ್ಣಮಗಳ ಸಂಸಾರ ಉಳಿಲಿ ಅಂತ ತಪ್ಪ ನಿಮ್ಮ ಮ್ಯಾಲ ಹಾಕ್ಕೊಳ್ಳಾಕತ್ತೀರಿ. ಮುಂಬೈದಾಗ ಕಲ್ತ ಡಾಕ್ಟರ ಎಲ್ಲ್ಯರ ತಪ್ಪ ಹಲ್ಲ ಕೀಳ್ತಾರೇನ್ರಿ?”

ಕೀಳುತ್ತಾರೆ ಎಂದೆ. ಅವರು ನಂಬಲಿಲ್ಲ. ಹಿರಿಯ ಡಾಕ್ಟರರು ಹೆದರಿದ್ದೇನು, ಇಲ್ಲಿ ನಡೆಯುತ್ತಿದ್ದುದೇನು! ನನ್ನ ತಪ್ಪು ಬಯಲಾದರೆ ಜನ ನನ್ನನ್ನು ನಂಬುವುದಿಲ್ಲವೆಂಬುದು ಅವರ ಭಯ. ನನ್ನ ಮೇಲಿನ ನಂಬಿಕೆಯೇ ನೀಲವ್ವನನ್ನು ಗಾಡಿ ಹತ್ತಿಸುತ್ತಿತ್ತು.

ಆಗ ಗಿರಿಜವ್ವ ಬಾಗಿಲಿಗೆ ಬಂದರು. “ತಪ್ಪ ಹ್ಯಾಂಗಾಕ್ಕೈತ್ರಿ ಯಪ್ಪಾ? ನಾನ ಬಳ್ಳ ಮಾಡಿ ತೋರಿಸಿಲ್ಲೇನು, ಇದ ಕಡೀದು ಅಂತ?” ಎನ್ನುತ್ತ ಮತ್ತೆ ತಮ್ಮ ಬಲಗೆನ್ನೆಯ ಮೇಲೆ ಬೆರಳಿಟ್ಟರು.

“ಹಂಗ ಬಳ್ಳ ತಗೀಬ್ಯಾಡವ್ವಾ. ಹಂಗ ಬಂದ ಸೊಸಿ ಬಾಜೂಕ ಕುಂದ್ರು” ಎಂದೆ. ಅವರು ಬಂದು ನೀಲವ್ವನ ಪಕ್ಕದಲ್ಲಿ, ನಮ್ಮ ಕಡೆ ಮುಖ ಮಾಡಿ ಕುಳಿತರು. ಬಾವು ಸೊಸೆಯ ಒಂದು ಕೆನ್ನೆಯ ಮೇಲಿತ್ತು. ಬೆರಳು ಅತ್ತೆಯ ಇನ್ನೊಂದು ಕೆನ್ನೆಯ ಮೇಲಿತ್ತು. ಗೌಡರು ಒಬ್ಬರನ್ನು ನೋಡಿದರು, ಇನ್ನೊಬ್ಬರನ್ನು ನೋಡಿದರು. ಗಾಡಿಯ ಹತ್ತಿರವಿದ್ದ ಅಣ್ಣ ಕೂಡ ತಲೆಯೆತ್ತಿ ನೋಡಿದ.

“ಅಂದ್ರ…” ಎಂದರು ಗೌಡರು. ಆಮೇಲೆ ಹೆಂಡತಿಯ ಕಡೆ ತಿರುಗಿ ಗುಡುಗಿದರು. “ಎಡಾ ಬಲಾ ತಿಳಿಯೂದಿಲ್ಲೇನ ನಿನಗ? ಒಲಿ ಮುಂದ ಕುಂತು ಮುದುಕಿ ಆದಿ!”

ಒಬ್ಬ ಹೆಂಗಸಿನ ತಲೆಯ ಮೇಲಿದ್ದ ತಪ್ಪು ಇಳಿದದ್ದು ಇನ್ನೊಬ್ಬ ಹೆಂಗಸಿನ ತಲೆಯ ಮೇಲೆ ಕೂರುವುದಕ್ಕೆ. ಇದನ್ನೂ ತಪ್ಪೆಂದು ಹೇಳಲೇಬೇಕಾಯಿತು. “ಅವ್ರನ್ನ ಬಯ್ಯಬ್ಯಾಡ್ರಿ. ಅವ್ರು ಕಂಡಂಗ ತೋರಿಸ್ಯಾರ. ನೋವು ಯಾರಿಗಿತ್ತೋ ಅವ್ರನ್ನ ಬಿಟ್ಟು ನಾನ ಅವ್ರನ್ನ ಕೇಳಿದ್ನಿ. ತಪ್ಪ ನಂದು” ಎಂದು ಹೇಳಿ, ನೀಲವ್ವನ ಎದುರು ಕುಳಿತೆ. “ತಂಗೀ, ಈಗ ನಿನ್ನ ಕೇಳಾಕತ್ತೀನಿ. ಯಾವ ಹಲ್ಲು?”

ನೀಲವ್ವ ಅಂಗಳದಲ್ಲಿ ನಿಂತ ಮಾವನ ಕಡೆ ನೋಡಿ ಸೆರಗನ್ನು ಮತ್ತಷ್ಟು ಎಳೆದುಕೊಂಡಳು. ರೂಢಿಯಂತೆ ಗಿರಿಜವ್ವ, “ಆಕಿಗೆ…” ಎಂದು ಆರಂಭಿಸಿದರು.

“ನೀ ಸುಮ್ಮನಿರು” ಎಂದರು ಗೌಡರು. “ಆಕಿ ಹೇಳ್ಲಿ.”

ಬಾವಿನಿಂದ ಅವಳ ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಆದರೂ ಹೇಳಿದಳು. “ಎಡಕ್ಕ, ಕೆಳಗ. ತೀರಾ ಕಡೀದಲ್ಲ, ಅದರ ಮುಂದಿಂದು. ಕಡೀದಕ್ಕ ಕೈ ಹಚ್ಚಬ್ಯಾಡ್ರಿ, ಅದು ಚಲೋ ಐತಿ. ಅವತ್ತ ನೀವು ತಟ್ಟಿದಾಗ ಜೀವ ಹೋಗಿತ್ತು. ಮಾವಾರ ಅದಾರಂತ ಸುಮ್ಮನಿದ್ನಿ.”

ಇದಕ್ಕಿಂತ ನಿಖರವಾದ ರೋಗವಿವರಣೆಯನ್ನು ಮುಂದೆ ಪದವೀಧರರಿಂದಲೂ ಕೇಳಿಲ್ಲ. ಅಂದಿನಿಂದ ನನ್ನ ಪದ್ಧತಿ ಬದಲಾಯಿತು. ರೋಗಿಯ ಕೈಗೆ ಕನ್ನಡಿ ಕೊಟ್ಟು ಅವರ ಬೆರಳಿನಿಂದಲೇ ಹಲ್ಲನ್ನು ತೋರಿಸಿಕೊಳ್ಳುತ್ತೇನೆ. ಜೊತೆಗೆ ಬಂದವರನ್ನು ಮಾತು ಕೇಳಿಸದಷ್ಟು ದೂರದಲ್ಲಿ ಕೂರಿಸುತ್ತೇನೆ. ಇದರಿಂದ ಸಿಟ್ಟಾಗಿ ಹೋದ ಮನೆತನಗಳಿವೆ. ಹೋಗಲಿ.

ಅವಳು ಹೇಳಿದ ಹಲ್ಲನ್ನು ಹಿಡಿಕೆಯಿಂದ ಮೆಲ್ಲಗೆ ತಟ್ಟಿದೆ. “ಯವ್ವಾ!” ಎಂದು ನೀಲವ್ವ ಚೀರಿದ್ದಕ್ಕೆ ಗಾಡಿಯ ಎತ್ತುಗಳು ಬೆದರಿದವು. ಮಾವನವರು ಅಲ್ಲಿಯೇ ನಿಂತಿದ್ದರು. ಮನೆಯ ಮರ್ಯಾದೆ ಎಲ್ಲಿತ್ತೋ ಅಲ್ಲಿಯೇ ಇತ್ತು. ವಸಡನ್ನು ಕೊಯ್ದು ಕೀವು ಹೊರಬಿಟ್ಟೆ, ಪೆನ್ಸಿಲಿನ್ ಕೊಟ್ಟೆ, ಬಾವು ಇಳಿದ ಮೇಲೆ ಹಲ್ಲು ತೆಗೆಯಲು ರೋಣಕ್ಕೆ ಬರಬೇಕೆಂದು ಹೇಳಿದೆ. ಹೇಳಿದ್ದು ಅವಳಿಗೆ.

ಅಣ್ಣ ಪಡಸಾಲೆಯ ಮೆಟ್ಟಿಲ ಬಳಿ ಬಂದು ನಿಂತಿದ್ದ. ಈಗ ತಂಗಿಯನ್ನು ಕರೆದೊಯ್ಯಬೇಕೋ ಬೇಡವೋ ಎಂದು ತಿಳಿಯದೆ ಗೌಡರ ಮುಖ ನೋಡುತ್ತಿದ್ದ. ಗೌಡರು ಉತ್ತರ ಕೊಡಲು ಬಾಯಿ ತೆರೆದರು. ಅಷ್ಟರಲ್ಲಿ ನೀಲವ್ವ ಬಾಯಿಯ ರಕ್ತವನ್ನು ಉಗುಳಿ, ಸೆರಗಿನಿಂದ ತುಟಿ ಒರೆಸಿಕೊಂಡು, ಮಾವನ ಎದುರಿನಲ್ಲಿಯೇ ಹೇಳಿದಳು.

“ಅಣ್ಣಾ, ಎತ್ತಿನ ಕೊರಳ ಬಿಚ್ಚು, ಉಂಡ ಹೋಗು. ನಾ ಈಗ ಬರೂದಿಲ್ಲ. ಪಂಚಮಿಗೆ ಕರಿಯಾಕ ಬಾ.”